ಉಂಡ ಮನೆಯ ಜಂತೆ

ಉಂಡ ಮನೆಯ ಜಂತೆ ಎಣಿಸಬಾರದೆಂಬುದು ಕನ್ನಡನಾಡಿನ ಮನೆಮನೆಯಲ್ಲಿ ಮಕ್ಕಳಿಗೆ ಹೇಳಿಕೊಡುವ ನೀತಿ. ಅನ್ನವಿಕ್ಕಿದವರ ಜಗಲಿಯಲ್ಲಿ ಕುಳಿತು, ತಲೆಯೆತ್ತಿ, ಯಾವ ಜಂತೆಗೆ ಗೆದ್ದಲು ಹಿಡಿದಿದೆ, ಯಾವುದು ಬಾಗಿದೆ ಎಂದು ಲೆಕ್ಕ ಹಾಕುವವನನ್ನು ಲೋಕವು ಕೃತಘ್ನನೆಂದು ಹಳಿಯುವುದು. ಗೃಹಸ್ಥಜೀವನಕ್ಕೆ ಈ ನೀತಿ ಭೂಷಣವೇ ಸರಿ. ಆದರೆ ಜಂತೆಯನ್ನೆಣಿಸುವುದನ್ನೇ ಸ್ವಧರ್ಮವಾಗಿ ಉಳ್ಳ ವೃತ್ತಿಯೊಂದು ಲೋಕದಲ್ಲುಂಟು. ಅದು ವೃತ್ತಪತ್ರಿಕೆಯ ವೃತ್ತಿ. ಅರಮನೆಯಾಗಲಿ, ಕಚೇರಿಯಾಗಲಿ, ಗಿರಣಿಯಾಗಲಿ, ಮಠವಾಗಲಿ, ಅದರ ಮಾಡು ಕುಸಿಯುವುದಕ್ಕೆ ಮುಂಚೆಯೇ ಒಳಗಿನ ಜನರನ್ನು ಎಚ್ಚರಿಸತಕ್ಕವನು ಪತ್ರಕರ್ತ. ಹೀಗಿರಲು, ಬಡತನದಲ್ಲಿ ಹುಟ್ಟಿದ ತರುಣನೊಬ್ಬನು ಮತ್ತೊಬ್ಬರ ದತ್ತಿಯಿಂದ, ವಿದ್ಯಾರ್ಥಿವೇತನದಿಂದ, ಈ ವಿದ್ಯೆಯನ್ನು ಕಲಿತರೆ ಅವನು ಯಾವ ಧರ್ಮವನ್ನು ಪಾಲಿಸಬೇಕು? ಅನ್ನವಿತ್ತವನ ಜಂತೆಯನ್ನು ಎಣಿಸದಿದ್ದರೆ ವೃತ್ತಿಗೆ ದ್ರೋಹ. ಎಣಿಸಿದರೆ ಅನ್ನಕ್ಕೆ ದ್ರೋಹ. ಈ ಧರ್ಮಸಂಕಟವನ್ನು ವಿಚಾರಿಸದೆ ಕೊಟ್ಟ ದಾನವೂ ಪಡೆದ ದಾನವೂ ನಿರ್ಮಲವಾಗಲಾರವು.

ಇಂಥ ದಾನವೇ ಬೇಡವೆಂದು ಕೆಲವರು ಹೇಳಬಹುದು. ಹಂಗಿಲ್ಲದ ಲೇಖನಿಯೇ ಲೇಖನಿ, ಹಂಗಿನ ಅರಮನೆಗಿಂತ ಸ್ವಂತ ಗುಡಿಸಲು ಲೇಸು, ಎಂಬುದು ಅವರ ವಾದ. ಮಾತು ಕೇಳುವುದಕ್ಕೆ ಇಂಪಾಗಿದೆ. ಆದರೆ ಅದರ ಫಲವನ್ನು ಯೋಚಿಸಬೇಕು. ಪತ್ರಕರ್ತನಾಗತಕ್ಕವನಿಗೆ ಭಾಷೆ ಬೇಕು, ಚರಿತ್ರೆ ಬೇಕು, ಕಾನೂನಿನ ಪರಿಚಯ ಬೇಕು, ಆಯವ್ಯಯದ ಲೆಕ್ಕವನ್ನು ಓದುವ ಕಣ್ಣು ಬೇಕು, ಊರೂರು ಅಲೆಯಬೇಕು, ಕಲಿಯುವ ಕಾಲದಲ್ಲಿ ಸಂಬಳವಿಲ್ಲದೆಯೋ ಅಲ್ಪ ಸಂಬಳದಲ್ಲಿಯೋ ದಿನ ನೂಕಬೇಕು. ದತ್ತಿಗಳಿಲ್ಲವಾದರೆ ಇಷ್ಟನ್ನು ಸಹಿಸಬಲ್ಲವರು ಉಳ್ಳವರ ಮಕ್ಕಳು ಮಾತ್ರ. ಆಗ ಪತ್ರಿಕೆಗೆ ಬಂಗಲೆಯ ಒಳಗು ತಿಳಿದಿರುವುದು, ಗುಡಿಸಲಿನ ಹೊರಗೋಡೆ ಮಾತ್ರ ಕಾಣುವುದು. ಹಂಗನ್ನು ತಪ್ಪಿಸಹೋಗಿ ಕುರುಡನ್ನು ತಂದುಕೊಂಡಂತಾಗುವುದು. ಆದುದರಿಂದ ದಾನವನ್ನು ನಿರಾಕರಿಸುವುದು ಪರಿಹಾರವಲ್ಲ. ಹಂಗಾಗದಂತೆ ಕೊಡುವ, ಹಂಗಾಗದಂತೆ ಪಡೆಯುವ ಬಗೆಯನ್ನು ಅರಿಯುವುದೇ ಪರಿಹಾರ.

ಈ ವಿಷಯದಲ್ಲಿ ಅಮೆರಿಕ ದೇಶದ ಜೋಸೆಫ್ ಪುಲಿಟ್ಜರನ ಕಥೆ ವಿಚಾರಯೋಗ್ಯವಾದುದು. 1847ರಲ್ಲಿ ಹಂಗೆರಿಯಲ್ಲಿ ಹುಟ್ಟಿದ ಈತನು 1864ರಲ್ಲಿ, ಅಲ್ಲಿಯ ಅಂತರ್ಯುದ್ಧದ ಕಾಲದಲ್ಲಿ, ಸಿಪಾಯಿಯಾಗಿ ಅಮೆರಿಕಕ್ಕೆ ಹೋದನು. ಯುದ್ಧ ಮುಗಿದ ಮೇಲೆ ಸೇಂಟ್ ಲೂಯಿ ನಗರದಲ್ಲಿ ಹೇಸರಗತ್ತೆಗಳನ್ನು ಕಾಯ್ದನು, ಊಟದ ಮನೆಗಳಲ್ಲಿ ಬಡಿಸಿದನು. ಬಿಡುವಾದಾಗ ಪುಸ್ತಕಭಂಡಾರದಲ್ಲಿ ಕುಳಿತು ಇಂಗ್ಲಿಷನ್ನೂ ಕಾನೂನನ್ನೂ ಅಭ್ಯಾಸ ಮಾಡಿದನು. ಅಲ್ಲಿ ಚದುರಂಗವಾಡುತ್ತಿದ್ದ ಇಬ್ಬರು ಪತ್ರಿಕಾ ಸಂಪಾದಕರ ಪರಿಚಯವಾಗಿ ಅವನಿಗೆ ವರದಿಗಾರನ ಕೆಲಸ ದೊರೆಯಿತೆಂದು ಹೇಳುವರು. 1883ರಲ್ಲಿ ನ್ಯೂಯಾರ್ಕಿನ ‘ವರ್ಲ್ಡ್’ ಪತ್ರಿಕೆಯನ್ನು ಕೊಂಡು ಅಪಾರ ಧನವನ್ನು ಗಳಿಸಿದನು. ಆ ಗಳಿಕೆಯೆಲ್ಲವೂ ಶುಭ್ರವಾದುದಲ್ಲ. 1895ರಿಂದ 1898ರ ವರೆಗೆ ಹರ್ಸ್ಟನ ಪತ್ರಿಕೆಯೊಡನೆ ಪೈಪೋಟಿ ನಡೆದಾಗ, ಜನರ ಉದ್ರೇಕವನ್ನೇ ಬಂಡವಾಳ ಮಾಡಿಕೊಂಡ ಬರಹಕ್ಕೆ ಅವನ ಪತ್ರಿಕೆಯೂ ಎಡೆಗೊಟ್ಟಿತು. ‘ಹಳದಿ ಪತ್ರಿಕೆ’ ಎಂಬ ನಿಂದೆಯ ಹೆಸರು ಹುಟ್ಟಿದುದು ಆ ಕಾಲದಲ್ಲಿಯೇ.

ಇಂಥವನು 1903ರಲ್ಲಿ ಪತ್ರಿಕಾವೃತ್ತಿಯ ಶಾಲೆಗೆಂದು ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ 20 ಲಕ್ಷ ಡಾಲರುಗಳ ದತ್ತಿಯನ್ನು ಒಪ್ಪಿಸಲು ಕರಾರು ಮಾಡಿಕೊಂಡನು. ಶಾಲೆಯ ಸಲಹಾಮಂಡಲಿಯಲ್ಲಿ ಯಾರಿರಬೇಕೆಂಬ ಮಾತಿಗೆ ಅವನಿಗೂ ವಿಶ್ವವಿದ್ಯಾನಿಲಯದ ಅಧ್ಯಕ್ಷನಿಗೂ ಭಿನ್ನಾಭಿಪ್ರಾಯವುಂಟಾಗಿ ಕಾರ್ಯವು ನಿಂತುಹೋಯಿತು. ಅವನು 1911ರಲ್ಲಿ ತೀರಿಕೊಂಡನು; ಶಾಲೆಯು 1912ರಲ್ಲಿ ಬಾಗಿಲು ತೆರೆಯಿತು. ಅದರಲ್ಲಿ ತೇರ್ಗಡೆಯಾದವರು ದೇಶಾಂತರಗಳನ್ನು ನೋಡಿ ಬರಲೆಂದು ಪ್ರವಾಸದ ವಿದ್ಯಾರ್ಥಿವೇತನಗಳನ್ನೂ ಅವನು ಮರಣಪತ್ರದಲ್ಲಿ ಏರ್ಪಡಿಸಿದ್ದನು. ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಪತ್ರಿಕೆಯನ್ನು ಮಾರಿ ಲಾಭ ಪಡೆಯುವ ವ್ಯಾಪಾರವನ್ನು ಆ ಶಾಲೆಯಲ್ಲಿ ಕಲಿಸಕೂಡದೆಂದು ಅವನು ಹಠ ಹಿಡಿದನು. ತಾನು ಯಾವುದರಲ್ಲಿ ನಿಪುಣನೋ ಅದನ್ನೇ ಬಿಟ್ಟು, ತನ್ನ ಪತ್ರಿಕೆಯು ಎಲ್ಲಿ ಎಡವಿತೋ ಅದನ್ನು ಮುಂದಿನವರು ನೆಟ್ಟಗೆ ಕಲಿಯಲೆಂದು ಹಣವಿಟ್ಟನು. ಎರಡನೆಯದಾಗಿ, ದಾನವನ್ನು ತನ್ನ ಪತ್ರಿಕೆಯ ಕಚೇರಿಯಿಂದ ಹಂಚದೆ ವಿದ್ಯಾಸಂಸ್ಥೆಯ ಕೈಗೆ ಒಪ್ಪಿಸಿದನು. ಅಲ್ಲಿ ಓದಿದವನು ಪುಲಿಟ್ಜರನ ಹಳದಿ ಪುಟಗಳನ್ನು ಟೀಕಿಸಿದರೆ ತಡೆಯುವವರಿಲ್ಲ.

ಇದೇ ತತ್ತ್ವವು ಇನ್ನೊಂದು ದತ್ತಿಯಲ್ಲಿ ಮತ್ತಷ್ಟು ಸ್ಪಷ್ಟವಾಗಿದೆ. ‘ಮಿಲ್ವಾಕೀ ಜರ್ನಲ್’ ಪತ್ರಿಕೆಯನ್ನು ಬೆಳೆಯಿಸಿದ ಲೂಷಿಯಸ್ ನೀಮನನ ಪತ್ನಿ ಆಗ್ನೆಸ್ ನೀಮನ್, ಪತಿಯ ಸ್ಮರಣಾರ್ಥವಾಗಿ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಧನವನ್ನು ಬಿಟ್ಟುಹೋದಳು. 1938ರಲ್ಲಿ ಒಂಬತ್ತು ಮಂದಿ ಪತ್ರಕರ್ತರು ಆ ದತ್ತಿಯಿಂದ ಅಲ್ಲಿಗೆ ಹೋದರು. ಅವರಿಗೆ ಪದವಿಯ ಆಸೆ ತೋರಿಸಲಿಲ್ಲ. ಒಂದು ವರ್ಷ ತಮಗೆ ಬೇಕಾದ ಶಾಸ್ತ್ರವನ್ನು ಓದಿ ವೃತ್ತಿಗೆ ಹಿಂದಿರುಗುವುದಷ್ಟೇ ಏರ್ಪಾಡು. ಕೊಟ್ಟವಳು ಲೋಕದಲ್ಲಿರಲಿಲ್ಲ, ಕೈಮುಗಿಯೋಣವೆಂದರೆ ಎದುರಿಗೆ ಯಾರೂ ಇಲ್ಲ.

ಆದರೂ ಸಂದೇಹವು ಪೂರ್ತಿಯಾಗಿ ನಿವಾರಣೆಯಾಗದು. ಕಾಗದದ ಮೇಲೆ ನಿಬಂಧನೆಯಿಲ್ಲದಿದ್ದರೂ ಮನಸ್ಸಿನಲ್ಲಿ ನಿಬಂಧನೆ ಹುಟ್ಟುವುದುಂಟು. ಹಂಗಿಗೆ ಒಳಗಾದ ಪತ್ರಕರ್ತನು ಸುಳ್ಳು ಬರೆಯುವುದು ಅಪರೂಪ. ಬರೆಯಬೇಕಾದುದನ್ನು ಬರೆಯದೆ ಬಿಡುವುದೇ ಹೆಚ್ಚು. ಸುಳ್ಳನ್ನು ಓದುಗನು ಎಂದಾದರೂ ಹಿಡಿದಾನು, ಮೌನವನ್ನು ಹಿಡಿಯುವುದೆಂತು? ಕೌರವಸಭೆಯಲ್ಲಿ ದ್ರೌಪದಿಯು ಪ್ರಶ್ನೆ ಕೇಳಿದಾಗ ಭೀಷ್ಮನಂಥವನು ಧರ್ಮವು ಸೂಕ್ಷ್ಮವೆಂದು ಹೇಳಿ ಜಾರಿಕೊಂಡನು. ಯುದ್ಧದ ಮೊದಲಲ್ಲಿ, ಕೌರವರ ಅರ್ಥಕ್ಕೆ ತಾನು ಕಟ್ಟುಬಿದ್ದಿರುವೆನೆಂದು ಧರ್ಮರಾಯನ ಮುಂದೆ ಒಪ್ಪಿಕೊಂಡನು. ಆದರೆ ಅದೇ ಅರಮನೆಯ ಅನ್ನವನ್ನುಂಡ ವಿದುರನು ಅದೇ ಸಭೆಯಲ್ಲಿ ಎದ್ದು ನಿಂತು ಅನ್ಯಾಯವನ್ನು ಅನ್ಯಾಯವೆಂದನು. ಮುಂದೆ ಧೃತರಾಷ್ಟ್ರನು ಸಿಟ್ಟಿನಿಂದ ಅವನನ್ನು ಹೊರಗೆ ಕಳುಹಿಸಿದನು. ಆಮೇಲೆ ಅವನಿಲ್ಲದೆ ಇರಲಾರದೆ ಹಿಂದಕ್ಕೆ ಕರೆಯಿಸಿಕೊಂಡನು. ಇಬ್ಬರ ಅನ್ನವೂ ಒಂದೇ, ಋಣದ ಅರ್ಥ ಬೇರೆ. ಉಂಡ ಮನೆ ಉಳಿಯಬೇಕೆಂದು ಬಯಸಿದುದರಿಂದಲೇ ವಿದುರನು ಅದರ ಜಂತೆಯನ್ನು ಎಣಿಸಿದನು.

ಋಣಗಳಲ್ಲಿ ಭೇದವುಂಟೆಂಬುದನ್ನು ಹಿರಿಯರು ಬಲ್ಲವರಾಗಿದ್ದರು. ಸಾಲಗಾರನ ಋಣವು ಸಾಲಿಗನಿಗೆ ಸಲ್ಲುವುದು. ಋಷಿಋಣವು ಹಾಗಲ್ಲ. ಅದನ್ನು ಋಷಿಗೆ ಮರಳಿ ಕೊಡುವಂತಿಲ್ಲ. ಅಧ್ಯಯನದಿಂದಲೂ ಮುಂದಿನವರಿಗೆ ಹೇಳಿಕೊಡುವುದರಿಂದಲೂ ತೀರಿಸಬೇಕು. ಪಡೆದುದು ಹಿಂದಿನವರಿಂದ, ಸಲ್ಲಿಸುವುದು ಮುಂದಿನವರಿಗೆ. ಪತ್ರಕರ್ತನ ವಿದ್ಯಾರ್ಥಿವೇತನವು ಈ ಜಾತಿಯ ಋಣ. ಅದು ದಾನಿಗೆ ಸಲ್ಲತಕ್ಕುದಲ್ಲ, ಓದುಗನಿಗೆ ಸಲ್ಲತಕ್ಕುದು. ಪ್ರತ್ಯುಪಕಾರದ ಆಸೆಯಿಲ್ಲದೆ ಕೊಟ್ಟುದೇ ಸಾತ್ತ್ವಿಕ ದಾನವೆಂದು ಗೀತೆಯೂ ಹೇಳುತ್ತದೆ.

ಇದು ಕನ್ನಡನಾಡಿಗೆ ಅಪರಿಚಿತವಾದ ವಿಚಾರವಲ್ಲ. ಹಿಂದೆ ಬಡ ವಿದ್ಯಾರ್ಥಿಗಳು ವಾರಾನ್ನದಿಂದ ಓದುತ್ತಿದ್ದರು. ಸೋಮವಾರ ಒಬ್ಬರ ಮನೆ, ಮಂಗಳವಾರ ಮತ್ತೊಬ್ಬರದು. ಅದರಲ್ಲಿ ಅವಮಾನವೂ ಇತ್ತು, ಬಾಗಿಲಲ್ಲಿ ಕಾಯುವ ಕಷ್ಟವೂ ಇತ್ತು. ಆದರೆ ಏಳು ಮನೆಯ ಅನ್ನವುಂಡವನಿಗೆ ಯಾವ ಒಂದು ಮನೆಯೂ ಒಡೆಯನಲ್ಲವೆಂಬ ಗುಣವೂ ಇತ್ತು. ಅವನ ಋಣವು ಊರಿನ ಋಣವಾಗುತ್ತಿತ್ತು. ಮೈಸೂರಿನಲ್ಲಿ ತಾತಯ್ಯನವರೆಂದು ಪ್ರಸಿದ್ಧರಾದ ಎಂ. ವೆಂಕಟಕೃಷ್ಣಯ್ಯನವರು ಉಪಾಧ್ಯಾಯರೂ ಪತ್ರಕರ್ತರೂ ಆಗಿದ್ದವರು. ಬಡ ಹುಡುಗರ ಊಟವಸತಿಗಳಿಗಾಗಿ ಅನಾಥಾಲಯವನ್ನು ಸ್ಥಾಪಿಸಿದವರು. 1908ರಲ್ಲಿ ಮೈಸೂರು ಸರ್ಕಾರವು ಪತ್ರಿಕೆಗಳನ್ನು ಬಿಗಿಹಿಡಿಯುವ ಕಾಯಿದೆಯನ್ನು ತಂದಾಗ, ಅದಕ್ಕೆ ತಲೆಬಾಗಿ ಬರೆಯುವುದಕ್ಕಿಂತ ತಮ್ಮ ಪತ್ರಿಕೆಗಳನ್ನು ನಿಲ್ಲಿಸುವುದೇ ಮೇಲೆಂದು ನಿಲ್ಲಿಸಿದರು. ಅನ್ನವನ್ನು ಕೊಡಲೂ ಬಲ್ಲ, ಹಂಗನ್ನು ಒಲ್ಲೆನೆನ್ನಲೂ ಬಲ್ಲ ಮನಸ್ಸು ಒಂದೇ ಆಗಿರಬಹುದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಇದರಿಂದ ಇಬ್ಬರ ಕರ್ತವ್ಯಗಳೂ ತಿಳಿದುಬರುವುವು. ದಾನಿಯು ವಿದ್ಯಾರ್ಥಿಯನ್ನು ತಾನೇ ಆರಿಸಕೂಡದು. ವರ್ಷವರ್ಷವೂ ತನ್ನ ಪ್ರಸನ್ನತೆಯನ್ನು ನೋಡಿ ಹಣ ಬಿಡುಗಡೆಯಾಗುವಂತೆ ಇಡಕೂಡದು. ಕೊಟ್ಟವನ ಹೆಸರು ಎಲ್ಲರಿಗೂ ತಿಳಿದಿರಬೇಕು, ಏಕೆಂದರೆ ಗುಪ್ತದಾನವು ಬೇರೆ ಕಡೆ ಪುಣ್ಯವಾದರೂ ಇಲ್ಲಿ ಅಪಾಯ. ಪಡೆದವನಾದರೋ ದಾನಿಯ ವಿಷಯವನ್ನು ಬರೆಯಬೇಕಾಗಿ ಬಂದಾಗ ತನ್ನ ಋಣವನ್ನು ಓದುಗನಿಗೆ ಮೊದಲು ತಿಳಿಸಿ ಆಮೇಲೆ ಬರೆಯಬೇಕು. ನಿಷ್ಪಕ್ಷಪಾತ ಸಾಧ್ಯವಿಲ್ಲವೆನಿಸಿದರೆ ಆ ಕೆಲಸವನ್ನು ಮತ್ತೊಬ್ಬರಿಗೆ ಬಿಡಬೇಕು. ಹಗೆಯಿಂದ ಎಣಿಸುವುದೂ ಸಲ್ಲದು; ಸ್ವತಂತ್ರನೆಂದು ತೋರಿಸಿಕೊಳ್ಳಲು ದಾನಿಯನ್ನು ಹಳಿಯುವವನು ಹಂಗಿನಿಂದ ಬಿಡುಗಡೆ ಹೊಂದಿದವನಲ್ಲ, ಹಂಗನ್ನು ತಿರುಗುಮುರುಗಾಗಿ ಹೊತ್ತವನು.

ಹಳೆಯ ಗಾದೆ ಸುಳ್ಳಲ್ಲ. ಅದು ಅತಿಥಿಗೆ ಹೇಳಿದ ಮಾತು. ಒಂದು ಹೊತ್ತು ಉಂಡು ಹೋಗುವ ಅತಿಥಿಗೆ ಮನೆಯ ಜಂತೆಯ ಗೊಡವೆ ಬೇಡ. ಆದರೆ ಪತ್ರಕರ್ತನು ಅತಿಥಿಯಲ್ಲ, ಮನೆಯವನು. ಅದೇ ಮಾಡಿನ ಕೆಳಗೆ ಅವನ ಓದುಗರೂ ಅವರ ಮಕ್ಕಳೂ ಮಲಗುವರು. ಗೆದ್ದಲು ಹಿಡಿದ ಜಂತೆಯನ್ನು ಕಂಡೂ ಸುಮ್ಮನಿರುವುದು ಅತಿಥಿಗೆ ಮರ್ಯಾದೆಯಾದೀತು, ಮನೆಯ ಮಗನಿಗೆ ಆಗದು.