ಸಹನೆ ಎಲ್ಲಿಯವರೆಗೆ?

ಸಹನೆ ಒಂದು ಸದ್ಗುಣವೆಂಬುದರಲ್ಲಿ ಸಂಶಯವಿಲ್ಲ. ಆದರೆ ಎಲ್ಲ ಬಗೆಯ ಸಹನೆಯೂ ಸದ್ಗುಣವೇ ಎಂದು ನಾವು ಕೇಳಿಕೊಳ್ಳುವುದು ಕಡಿಮೆ. ಮಗುವಿನ ಹಠವನ್ನು ತಾಯಿ ಸಹಿಸುತ್ತಾಳೆ. ವಯಸ್ಸಾದ ಅತ್ತೆಯ ಮುಂಗೋಪವನ್ನು ಸೊಸೆ ಸಹಿಸುತ್ತಾಳೆ. ಇಂತಹ ಸಹನೆಯಿಂದ ಇನ್ನೊಬ್ಬರಿಗೆ ಒಳಿತಾಗುತ್ತದೆ. ಆದರೆ ಮದ್ದಿರುವ ನೋವನ್ನು ಯಾರಿಗೂ ಹೇಳದೆ ತಿಂಗಳುಗಟ್ಟಲೆ ಸಹಿಸಿದರೆ ಒಳಿತಾಗುವುದು ಯಾರಿಗೆ? ಪ್ರಿಯ ಓದುಗರೇ, ಈ ಪ್ರಶ್ನೆಯನ್ನು ನಮ್ಮ ಮನೆಗಳಲ್ಲೇ ಅಡಗಿರುವ ಒಂದು ಕಾಯಿಲೆಯ ಮೂಲಕ ಯೋಚಿಸೋಣ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಹಾಗೂ ಆ ಬಳಿಕ ಅನೇಕ ಹೆಂಗಸರನ್ನು ಮತ್ತೆ ಮತ್ತೆ ಕಾಡುವ ಮೂತ್ರದ ಸೋಂಕು ಅದು. ಹಿರಿಯರು ಅದನ್ನು ಉರಿಮೂತ್ರವೆಂದು ಕರೆದರು.

ನಮ್ಮ ತುಮಕೂರು ಸೀಮೆಯ ಬದುಕನ್ನೇ ನೋಡೋಣ. ಗುಬ್ಬಿಯ ಕಡೆ ಅಡಿಕೆ ಸುಗ್ಗಿ ಬಂತೆಂದರೆ ಹೆಂಗಸರು ಗಂಟೆಗಟ್ಟಲೆ ಒಂದೇ ಕಡೆ ಕುಳಿತು ಅಡಿಕೆ ಸುಲಿಯುತ್ತಾರೆ. ಸುಲಿದಷ್ಟಕ್ಕೆ ಕೂಲಿ, ಎದ್ದು ಹೋದಷ್ಟು ಹೊತ್ತು ನಷ್ಟ. ಕುಣಿಗಲಿನಿಂದ ತುಮಕೂರಿಗೆ ಕಚೇರಿ ಕೆಲಸಕ್ಕೋ ಆಸ್ಪತ್ರೆಗೋ ಮಗಳ ಮನೆಗೋ ಬರುವ ತಾಯಿಯನ್ನು ನೆನೆಯಿರಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದಾಗ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಆಕೆಗೆ ಟಿಕೆಟ್ಟಿನ ಹಣದ ಚಿಂತೆ ತಪ್ಪಿತು. ಆದರೆ ಇಳಿದ ಮೇಲೆ ಶುಚಿಯಾದ ಶೌಚಾಲಯ ಸಿಗುವುದೋ ಇಲ್ಲವೋ ಎಂಬ ಚಿಂತೆ ಉಳಿಯಿತು. ಆದ್ದರಿಂದಲೇ ಹೊರಗೆ ಹೊರಡುವ ದಿನ ನೀರು ಕುಡಿಯದಿರುವುದು ಅನೇಕ ಹೆಂಗಸರಿಗೆ ರೂಢಿಯಾಗಿಬಿಟ್ಟಿದೆ. ಉರಿ ಕಾಣಿಸಿಕೊಂಡರೆ "ಉಷ್ಣವಾಗಿದೆ" ಎಂಬ ಒಂದು ಮಾತು. ಒಂದು ಎಳನೀರು, ಒಂದು ಲೋಟ ಬಾರ್ಲಿ ನೀರು. ಅಲ್ಲಿಗೆ ವಿಷಯ ಮುಗಿಯಿತು. ತಿಂಗಳು ಕಳೆಯುವುದರೊಳಗೆ ಅದೇ ಉರಿ ಮರಳಿ ಬರುತ್ತದೆ.

ಇದು ಕೇವಲ ಉಷ್ಣವಲ್ಲ, ಶುಚಿತ್ವದ ಕೊರತೆಯೂ ಅಲ್ಲ. ಹೆಣ್ಣಿನ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಉದ್ದವಷ್ಟೇ ಇರುವುದರಿಂದ ಕರುಳಿನ ಬ್ಯಾಕ್ಟೀರಿಯಾಗಳು, ಮುಖ್ಯವಾಗಿ ಇ. ಕೋಲಿ, ಮೂತ್ರಕೋಶವನ್ನು ತಲುಪುವುದು ಸುಲಭ. ಮುಟ್ಟು ಇರುವ ವರ್ಷಗಳಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ಆ ಭಾಗದ ಒಳಪದರವನ್ನು ದಪ್ಪವಾಗಿಯೂ ತೇವವಾಗಿಯೂ ಇರಿಸುತ್ತದೆ. ಮೊಸರಿನ ಬ್ಯಾಕ್ಟೀರಿಯಾಗಳಿಗೆ ಬಂಧುಗಳೆನ್ನಬಹುದಾದ ಸೂಕ್ಷ್ಮಜೀವಿಗಳು ಅಲ್ಲಿ ನೆಲೆಸಿ ಹುಳಿ ಗುಣವನ್ನು ಕಾಪಾಡಿ ಕೆಟ್ಟ ಬ್ಯಾಕ್ಟೀರಿಯಾಗಳನ್ನು ದೂರವಿಡುತ್ತವೆ. ಮುಟ್ಟು ನಿಂತಾಗ ಈಸ್ಟ್ರೋಜನ್ ಇಳಿಯುತ್ತದೆ, ಪದರ ತೆಳುವಾಗುತ್ತದೆ, ಈ ಕಾವಲು ಸಡಿಲಗೊಳ್ಳುತ್ತದೆ. 2014ರಲ್ಲಿ ವೈದ್ಯಲೋಕವು ಈ ಸ್ಥಿತಿಗೆ ಹೊಸ ಹೆಸರೊಂದನ್ನು ಕೊಟ್ಟಿತು. ಜನನಾಂಗದ ಒಣತನದೊಂದಿಗೆ ಮೂತ್ರದ ತೊಂದರೆಗಳನ್ನೂ ಆ ಹೆಸರಿನಲ್ಲಿ ಸೇರಿಸಿತು. ಹೆಸರು ಸಿಕ್ಕ ನೋವನ್ನು ವೈದ್ಯರ ಮುಂದೆ ಇಡುವುದು ಸುಲಭ. ಹೆಸರಿಲ್ಲದ ನೋವು ತನ್ನದೇ ತಪ್ಪಿನ ಫಲವೆಂಬಂತೆ ಮನಸ್ಸನ್ನು ಕುಗ್ಗಿಸುತ್ತದೆ.

ಆರು ತಿಂಗಳಲ್ಲಿ ಎರಡು ಸಲ ಅಥವಾ ಒಂದು ವರ್ಷದಲ್ಲಿ ಮೂರು ಸಲ ಸೋಂಕಾದರೆ ಅದನ್ನು ಮರುಕಳಿಸುವ ಸೋಂಕೆಂದು ವೈದ್ಯರು ಎಣಿಸುತ್ತಾರೆ. ಇದಕ್ಕೆ ಉಪಾಯಗಳಿವೆ. ಮುಟ್ಟು ನಿಂತ 93 ಮಹಿಳೆಯರ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಯೋನಿಯೊಳಗೆ ಹಚ್ಚುವ ಈಸ್ಟ್ರೋಜನ್ ಮುಲಾಮು ಬಳಸಿದವರಿಗೆ ಸೋಂಕು ವರ್ಷಕ್ಕೆ ಸರಾಸರಿ 0.5 ಸಲ ಬಂದರೆ, ಔಷಧವಿಲ್ಲದ ಮುಲಾಮು ಬಳಸಿದವರಿಗೆ 5.9 ಸಲ ಬಂದಿತ್ತು. ಸ್ತನ ಕ್ಯಾನ್ಸರ್ ಆಗಿದ್ದವರು ಈ ಮುಲಾಮಿನ ಬಗ್ಗೆ ವೈದ್ಯರೊಡನೆ ಮೊದಲೇ ಮಾತನಾಡಬೇಕು. ಮುಟ್ಟು ನಿಲ್ಲದ, ಕಡಿಮೆ ನೀರು ಕುಡಿಯುತ್ತಿದ್ದ ಮಹಿಳೆಯರ ಬಗೆಗಿನ 2018ರ ಅಧ್ಯಯನವೊಂದು, ದಿನಕ್ಕೆ 1.5 ಲೀಟರ್ ನೀರು ಹೆಚ್ಚಾಗಿ ಕುಡಿದಾಗ ಸೋಂಕುಗಳು ಅರ್ಧದಷ್ಟಾದುದನ್ನು ತೋರಿಸಿತು. ಹಿರಿಯ ಹೆಂಗಸರಿಗೂ ಇದು ಒಳ್ಳೆಯ ಅಭ್ಯಾಸವೇ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಕೊಳ್ಳಬೇಕು. ಸಕ್ಕರೆ ಕಾಯಿಲೆ ಇದೆಯೇ ಎಂಬುದನ್ನೂ ಪರೀಕ್ಷಿಸಬೇಕು. ಚಳಿಜ್ವರ, ಪಕ್ಕೆನೋವು, ವಾಂತಿ ಅಥವಾ ಮೂತ್ರದಲ್ಲಿ ರಕ್ತ ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಹೇಳದೆ ಸಹಿಸುವ ನೋವು ಸಹಿಸುವವಳೊಬ್ಬಳದೇ ಅಲ್ಲವೇ, ಅದರಿಂದ ಬೇರೆಯವರಿಗೇನು ಎಂದು ಕೇಳಬಹುದು. ಆದರೆ ಗುಟ್ಟಿಗೆ ಗುಟ್ಟಿನದೇ ಆದ ದಾರಿಯಿದೆ. ವೈದ್ಯರ ಬಳಿ ಹೋಗಲು ನಾಚಿದವಳು ಹಿಂದಿನ ಸಲದ ಚೀಟಿಯಲ್ಲಿದ್ದ ಆ್ಯಂಟಿಬಯೋಟಿಕ್ ಮಾತ್ರೆಯನ್ನೇ ಮತ್ತೆ ತರಿಸುತ್ತಾಳೆ. ಉರಿ ಕಡಿಮೆಯಾದೊಡನೆ ಉಳಿದ ಮಾತ್ರೆಗಳನ್ನು ಡಬ್ಬಿಯಲ್ಲಿಟ್ಟು ಮುಂದಿನ ಸಲಕ್ಕೆಂದು ಕಾದಿರಿಸುತ್ತಾಳೆ. ಕೆಲವೊಮ್ಮೆ ಅದು ಸೋಂಕೇ ಆಗಿರುವುದಿಲ್ಲ, ಬರಿಯ ಒಣತನದ ಉರಿಯಾಗಿರುತ್ತದೆ. ಮೂತ್ರದ ಕಲ್ಚರ್ ಪರೀಕ್ಷೆಗೆ ಎರಡು ಮೂರು ದಿನ ಬೇಕಾದರೂ ಸೋಂಕಿದೆಯೇ, ಯಾವ ಔಷಧಕ್ಕೆ ಅದು ಮಣಿಯುತ್ತದೆ ಎಂಬುದನ್ನು ಅದು ತಿಳಿಸುತ್ತದೆ. ಆ ಪರೀಕ್ಷೆಯಿಲ್ಲದೆ ನುಂಗಿದ ಮಾತ್ರೆಗಳಿಂದ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಅವು ಒಬ್ಬಳ ದೇಹದಲ್ಲೇ ಉಳಿಯುವುದಿಲ್ಲ. ಹೀಗೆ ಒಬ್ಬಳ ಮೌನದ ಬೆಲೆಯನ್ನು ನಾಳೆ ಆಕೆಯ ಮನೆಯವರೂ ತೆರಬೇಕಾದೀತು.

ಹಾಗೆಂದು ಹೇಳದಿದ್ದ ತಪ್ಪನ್ನು ಆಕೆಯ ತಲೆಗೇ ಕಟ್ಟುವುದು ನ್ಯಾಯವಲ್ಲ. ಬಸುರಿಯಾಗಿದ್ದಾಗ ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬರುತ್ತಾಳೆ, ತಾಯಿ ಕಾರ್ಡಿನಲ್ಲಿ ತೂಕ, ರಕ್ತ ಎಲ್ಲವೂ ದಾಖಲಾಗುತ್ತದೆ. ಹೆರುವ ವಯಸ್ಸು ದಾಟಿದ ಮೇಲೆ ಸಕ್ಕರೆ, ರಕ್ತದೊತ್ತಡಗಳ ತಪಾಸಣೆಯುಂಟು, ಆದರೆ "ಅಮ್ಮಾ, ಮೂತ್ರಕ್ಕೆ ಹೋಗುವಾಗ ಉರಿಯೇನಾದರೂ ಇದೆಯೇ?" ಎಂದು ಕೇಳುವವರು ಅಪರೂಪ. 2011ರ ಸುಮಾರಿಗೆ ಮುಂಬಯಿಯ ಮಹಿಳಾ ಸಂಘಟನೆಗಳು ಮೂತ್ರಾಲಯದ ಹಕ್ಕಿಗಾಗಿ ಚಳವಳಿ ನಡೆಸಿದವು. ಗಂಡಸರಿಗೆ ಉಚಿತವಾಗಿದ್ದ ಅನುಕೂಲಕ್ಕೆ ಹೆಂಗಸರು ದುಡ್ಡು ಕೊಡಬೇಕಾಗಿತ್ತು ಎಂಬುದೇ ಅವರ ತಕರಾರು. ಮೇಲ್ನೋಟಕ್ಕೆ ಸಣ್ಣದೆನಿಸುವ ಈ ತಕರಾರಿನ ಹಿಂದೆ ದೊಡ್ಡ ಪ್ರಶ್ನೆಯಿತ್ತು: ಹೆಣ್ಣಿನ ದೇಹದ ಅಗತ್ಯವನ್ನು ಊರು ತನ್ನ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆಯೇ?

ಇಂಥವನ್ನೆಲ್ಲ ಬಾಯಿಬಿಟ್ಟು ಆಡುವುದು ಮರ್ಯಾದೆಯೇ ಎಂದು ಕೆಲವರು ಕೇಳಿಯಾರು. ಅವರ ಅಳುಕನ್ನು ಹಗುರವಾಗಿ ಕಾಣಬೇಕಾಗಿಲ್ಲ. ದೇಹಕ್ಕೆ ಒಂದು ಗೌಪ್ಯವಿರಬೇಕು. ಅದು ಮಾನವ ಘನತೆಯ ಭಾಗ. ಆದರೆ ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು ಎಂಬುದನ್ನು ತಾನೇ ಆರಿಸಿಕೊಳ್ಳುವುದು ಮರ್ಯಾದೆ. ಹೇಳಿಕೊಳ್ಳಲು ಒಬ್ಬರೂ ಇಲ್ಲದಿರುವುದು ಒಂಟಿತನ. ಇವೆರಡನ್ನೂ ಒಂದೇ ಎಂದು ಎಣಿಸಿದಾಗ ಹೆಂಗಸು ನೋಯುತ್ತಾಳೆ, ಮನೆಯವರು ಅದನ್ನು ಅವಳ ಗುಣವೆಂದು ಹೊಗಳುತ್ತಾರೆ.

ಸಹನೆಗೆ ಈ ಬದುಕಿನಲ್ಲಿ ಸ್ಥಾನ ಇಲ್ಲದಿಲ್ಲ. ಚಿಕಿತ್ಸೆ ಪಡೆದರೂ ಈ ಸೋಂಕು ಕೆಲವರಲ್ಲಿ ಮರಳುತ್ತದೆ. ಮುಲಾಮಿನ ಗುಣ ಕಾಣಲು ವಾರಗಳು ಹಿಡಿಯುತ್ತವೆ. ರಾತ್ರಿ ಎರಡು ಮೂರು ಸಲ ಏಳಬೇಕಾಗುತ್ತದೆ, ಮೈಬಿಸಿ ಏರುತ್ತದೆ, ನಿದ್ದೆ ಕೆಡುತ್ತದೆ. ಮಾಡಬೇಕಾದುದನ್ನೆಲ್ಲ ಮಾಡಿದ ಮೇಲೂ ಉಳಿಯುವ ಈ ನೋವನ್ನು ಹೊರಲು ಸಹನೆ ಬೇಕೇ ಬೇಕು. ಚಿಕಿತ್ಸೆಯ ಜೊತೆಗೆ ನಡೆಯುವ ಸಹನೆ ಮನುಷ್ಯನನ್ನು ಎತ್ತುತ್ತದೆ. ಚಿಕಿತ್ಸೆಯ ಬದಲಿಗೆ ನಿಲ್ಲುವ ಸಹನೆ ದೇಹವನ್ನು ಹಾಳುಮಾಡುತ್ತದೆ.

ಆದ್ದರಿಂದ ಮನೆಯ ಗಂಡಸರು ಹೆಂಡತಿಯನ್ನೋ ತಾಯಿಯನ್ನೋ ಬಸ್ಸಿಗೆ ಹತ್ತಿಸುವಾಗ ನೀರಿನ ಬಾಟಲಿಯನ್ನೂ ಕೈಗಿಡಲಿ. ದಾರಿಯಲ್ಲಿ ಶೌಚಾಲಯ ಎಲ್ಲಿದೆಯೆಂದು ತಾವೇ ವಿಚಾರಿಸಲಿ. ಹೆಣ್ಣುಮಕ್ಕಳು ತಾಯಂದಿರನ್ನು ನೇರವಾಗಿ ಕೇಳಲಿ. ಗುಬ್ಬಿ, ಕುಣಿಗಲ್‌ಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ, ತುಮಕೂರಿನಲ್ಲಿ ಜಿಲ್ಲಾ ಆಸ್ಪತ್ರೆಯಿದೆ. ಅಲ್ಲಿಗೆ ಹೋಗಲು ಆಕೆಗೆ ಬಸ್ಸಿಗಿಂತ ಮೊದಲು ಬೇಕಾದುದು, ಕೇಳಿದರೆ ಮುಖ ತಿರುಗಿಸದ ಒಬ್ಬ ಮನುಷ್ಯರು.