ಅನಿವಾರ್ಯತೆಯ ಅಳತೆ



ಗಾಂಜಾ ಎಂಬ ಪದ ಕಿವಿಗೆ ಬಿದ್ದರೆ ನಮ್ಮ ಮನೆಗಳಲ್ಲಿ ಎರಡನೆಯ ಮಾತಿಲ್ಲ. ಅದು ಹರಾಮ್, ಅಷ್ಟೇ. ಹಾಗಿರಬೇಕಾದುದೂ ಸರಿಯೇ. ಆದರೆ ಅದೇ ಗಿಡ ಈಗ ಔಷಧಿಯ ಹೆಸರು ಹೊತ್ತು ಮನೆಯ ಬಾಗಿಲಿಗೆ ಬಂದಿದೆ. ಕ್ಯಾನ್ಸರ್ ರೋಗಿಗೆ, ಮೂರ್ಛೆರೋಗದ ಮಗುವಿಗೆ, ನಿದ್ದೆ ಬಾರದ ವೃದ್ಧರಿಗೆ ಎಂದು ಅದರ ಎಣ್ಣೆಯನ್ನು ಹೊಗಳುವವರಿದ್ದಾರೆ. ತಂದೆ ಮಂಚದ ಮೇಲೆ ನರಳುತ್ತಿದ್ದಾರೆ, ಮಗ ಮೊಬೈಲಿನಲ್ಲಿ ಅದರ ಜಾಹೀರಾತು ನೋಡುತ್ತಿದ್ದಾನೆ. ತರಿಸೋಣವೇ, ಬೇಡವೇ? ನಾಳೆ ಅಲ್ಲಾಹನ ಮುಂದೆ ಏನು ಉತ್ತರ ಕೊಡುವುದು? ನಮ್ಮ ಹೊಸಮನೆಯಲ್ಲಿ ಈ ಪ್ರಶ್ನೆಯನ್ನು ನನ್ನಲ್ಲಿ ಕೇಳಿದವರು ಒಬ್ಬಿಬ್ಬರಲ್ಲ.

ಮೊದಲು ಮೂಲ ನಿಯಮವನ್ನು ನೋಡಿ. ಪವಿತ್ರ ಕುರ್‌ಆನ್ (5:90) ಮದ್ಯವನ್ನು ಶೈತಾನನ ಹೊಲಸು ಕೃತ್ಯಗಳ ಸಾಲಿಗೆ ಸೇರಿಸಿದೆ. ಅಮಲು ತರುವ ಪ್ರತಿಯೊಂದೂ ಅದೇ ವರ್ಗಕ್ಕೆ ಸೇರಿದ್ದೆಂದು ಪ್ರವಾದಿವರ್ಯರು(ಸ) ಸ್ಪಷ್ಟಪಡಿಸಿದರು. ಇದು ಸೊಪ್ಪು, ಸಾರಾಯಿಯಲ್ಲ ಎಂಬ ಜಾಣತನ ಇಂದಿನದಲ್ಲ. ಹಶೀಶ್ ಮುಸ್ಲಿಮ್ ನಾಡುಗಳಲ್ಲಿ ಹರಡಿದಾಗಲೇ ಈ ವಾದ ಬಂದಿತ್ತು. ಇಮಾಮ್ ಇಬ್ನು ತೈಮಿಯ್ಯಾ(ರ) ಅದನ್ನು ಮದ್ಯದ ಜೊತೆಗೇ ನಿಲ್ಲಿಸಿದರು. ಅದು ಅಮಲಿಗಿಂತ ಹೆಚ್ಚಾಗಿ ಬುದ್ಧಿಯನ್ನು ಕೆಡಿಸುವ ಪದಾರ್ಥ ಎಂಬುದು ಇಮಾಮ್ ಖರಾಫಿ(ರ)ಯವರ ಅಭಿಪ್ರಾಯ. ಕಾರಣದಲ್ಲಿ ಭಿನ್ನಮತವಿತ್ತೇ ಹೊರತು ನಿಷೇಧದಲ್ಲಿ ಇರಲಿಲ್ಲ.

ಹಾಗಾದರೆ ಔಷಧಿಗಾಗಿ? ಮದ್ದಿಗೆಂದೇ ಮದ್ಯ ತಯಾರಿಸುತ್ತೇನೆ ಎಂದ ಸಹಾಬಿಯೊಬ್ಬರಿಗೆ, ಅದು ಮದ್ದಲ್ಲ, ರೋಗ ಎಂದು ಪ್ರವಾದಿವರ್ಯರು(ಸ) ತಿಳಿಸಿದ್ದು ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿದೆ. ಇದನ್ನು ಹಗುರವಾಗಿ ದಾಟಿ ಹೋಗುವಂತಿಲ್ಲ. ಆದರೆ ತುರಿಕೆಯಿಂದ ಬಳಲುತ್ತಿದ್ದ ಇಬ್ಬರು ಸಹಾಬಿಗಳಿಗೆ, ಪುರುಷರಿಗೆ ನಿಷಿದ್ಧವಾದ ರೇಷ್ಮೆಯನ್ನು ತೊಡಲು ಅನುಮತಿಸಿದವರೂ ಅವರೇ. ಕೊಳೆಯುತ್ತಿರುವ ಕೈಯನ್ನು ಕತ್ತರಿಸಲು ರೋಗಿಯ ಪ್ರಜ್ಞೆ ತಪ್ಪಿಸಬಹುದೇ ಎಂಬ ಪ್ರಶ್ನೆಗೆ ಹದಿಮೂರನೆಯ ಶತಮಾನದಲ್ಲೇ ಇಮಾಮ್ ನವವಿ(ರ), ಅನುಮತಿ ಇದೆ ಎಂಬುದೇ ಹೆಚ್ಚು ಸರಿ ಎಂದು ಬರೆದರು. ಬೇರೆ ಧರ್ಮಸಮ್ಮತ ಮದ್ದಿಲ್ಲದಿದ್ದರೆ, ನುರಿತ ವೈದ್ಯನು ಅದೇ ಬೇಕೆಂದರೆ ಬಳಸಬಹುದೆಂದು ನಂತರದ ಹನಫೀ ವಿದ್ವಾಂಸರಲ್ಲಿ ಅನೇಕರು ಹೇಳಿದ್ದಾರೆ.

ಈ ಅನುಮತಿಯ ಬೇರು ಕುರ್‌ಆನಿನ 2:173ರಲ್ಲಿದೆ. ಹಸಿವಿನಿಂದ ಸಾಯುವವನು ನಿಷಿದ್ಧವನ್ನು ತಿಂದರೆ ಪಾಪವಿಲ್ಲ. ಆದರೆ ಎರಡು ಷರತ್ತುಗಳಿವೆ. ಅವನು ಅದನ್ನು ಬಯಸಿ ತಿನ್ನಬಾರದು, ಅಗತ್ಯದ ಮೇರೆಯನ್ನು ಮೀರಿಯೂ ತಿನ್ನಬಾರದು. ಮೊದಲನೆಯದು ಮನಸ್ಸಿನ ಮಾತು, ಎರಡನೆಯದು ಅಳತೆಯ ಮಾತು. ಮನಸ್ಸನ್ನು ಅಲ್ಲಾಹನೇ ಬಲ್ಲ. ಅಳತೆಯನ್ನು ಮಾತ್ರ ಮನುಷ್ಯರೇ ಹಿಡಿಯಬೇಕು. ಯಾರು ಹಿಡಿಯಬೇಕು? ಬಯಕೆ ಯಾರಿಗಿದೆಯೋ ಅವರ ಕೈಯಲ್ಲೇ ತಕ್ಕಡಿ ಕೊಟ್ಟರೆ ತೂಕ ಎಂದಾದರೂ ಸರಿಯಾದೀತೇ?

ಈ ಎಣ್ಣೆಯ ವಿಷಯದಲ್ಲಿ ನಾನು ಬಿಗಿಯಾಗಿ ಮಾತಾಡುವುದು ಇದೇ ಕಾರಣಕ್ಕೆ. ಈ ಗಿಡದಲ್ಲಿ ಔಷಧಿಯ ಗುಣವೇ ಇಲ್ಲ ಎನ್ನುವುದು ಸುಳ್ಳಾದೀತು. ಮಕ್ಕಳ ಎರಡು ಬಗೆಯ ತೀವ್ರ ಮೂರ್ಛೆರೋಗಗಳಿಗೆ ಅದರಿಂದ ತೆಗೆದ ಕ್ಯಾನಬಿಡಿಯಾಲ್ ಎಂಬ ಔಷಧಿಗೆ ಅಮೆರಿಕ 2018ರಲ್ಲಿ ಒಪ್ಪಿಗೆ ಕೊಟ್ಟಿತು. ಇದು ಅಮಲು ತರುವ ಅಂಶವಲ್ಲ. ಅಮಲು ತರುವುದು ಟಿ.ಎಚ್.ಸಿ. ಎಂಬ ಬೇರೊಂದು ಅಂಶ. ಕಿಮೋಥೆರಪಿಯಿಂದಾಗುವ ವಾಂತಿಗೆ, ಬೇರೆ ಮದ್ದು ನಾಟದಿದ್ದಾಗ, ಅದನ್ನೂ ಮಿತ ಪ್ರಮಾಣದಲ್ಲಿ ಕೊಡುವ ದೇಶಗಳಿವೆ. 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಆಯೋಗ ಈ ಗಿಡವನ್ನು ಅತಿ ಕಠಿಣ ಪಟ್ಟಿಯಿಂದ ತೆಗೆದಾಗ ಭಾರತವೂ ಪರವಾಗಿ ಮತ ಹಾಕಿತು. ಆದರೆ ಇವೆಲ್ಲ ಮಿಲಿಗ್ರಾಂ ಲೆಕ್ಕದ ಔಷಧಿಗಳು. ಯಾರೋ ಕಳಿಸಿದ ಸೀಸೆಯಲ್ಲಿ ಯಾವುದು ಎಷ್ಟಿದೆ ಎಂದು ನಿಮಗೆ ಗೊತ್ತೇ?

ನೆಲದ ಕಾನೂನೂ ಇದೆ. 1985ರ ಮಾದಕ ವಸ್ತುಗಳ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಗಾಂಜಾ ಗಿಡ ಬೆಳೆದರೆ ಹತ್ತು ವರ್ಷದವರೆಗೆ ಸೆರೆವಾಸ. ಮದ್ದಿಗಾಗಿ ಹಿತ್ತಲಲ್ಲಿ ಒಂದೇ ಗಿಡ ಎಂದರೂ ಬಿಡುವುದಿಲ್ಲ. 2023ರ ಜೂನ್‌ನಲ್ಲಿ ನಮ್ಮ ಶಿವಮೊಗ್ಗದಲ್ಲೇ ಬಾಡಿಗೆ ಮನೆಯೊಳಗೆ ಗಾಂಜಾ ಬೆಳೆದ ಆರೋಪದಲ್ಲಿ ಬಂಧಿತರಾದವರು ವೈದ್ಯಕೀಯ ವಿದ್ಯಾರ್ಥಿಗಳು! ಭಂಗಿ ಸೇರಿದ ಆಯುರ್ವೇದ ಔಷಧಿಗಳು ಪರವಾನಗಿಯಡಿ ತಯಾರಾಗುತ್ತವೆ, ನಿಜ. ಅವುಗಳ ಮೇಲೂ ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕೆಂಬ ಎಚ್ಚರಿಕೆ ಅಚ್ಚಾಗಿರಬೇಕೆಂದು ನಿಯಮವಿದೆ.

ವೈದ್ಯರೇ ಬರೆದುಕೊಟ್ಟರೆ? ಆಗ ರೋಗಿ ತಿನ್ನುತ್ತಿರುವ ಇತರ ಎಲ್ಲ ಮಾತ್ರೆಗಳನ್ನೂ ಅವರ ಮುಂದಿಡಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ, ಮೂರ್ಛೆರೋಗದ ಕೆಲವು ಮಾತ್ರೆಗಳ ಜೊತೆ ಇದು ಹೊಂದುವುದಿಲ್ಲ. ಬಾಯಿಯಿಂದ ತೆಗೆದುಕೊಂಡದ್ದು ಕೆಲಸ ಮಾಡಲು ಒಂದೆರಡು ಗಂಟೆ ಹಿಡಿಯಬಹುದು. ನಾಟಲಿಲ್ಲವೆಂದು ಮತ್ತೊಮ್ಮೆ ಕುಡಿಸಿದವರು ರಾತ್ರಿಯಿಡೀ ಗಾಬರಿಪಟ್ಟ ಉದಾಹರಣೆಗಳಿವೆ. ಗರ್ಭಿಣಿಯರಿಗೆ, ಹೃದ್ರೋಗಿಗಳಿಗೆ, ಮನೋರೋಗದ ಹಿನ್ನೆಲೆಯ ಕುಟುಂಬದ ಹುಡುಗರಿಗೆ ಇದು ಅಪಾಯ. ತೆಗೆದುಕೊಂಡ ಮೇಲೆ ಸ್ಕೂಟರ್ ಮುಟ್ಟಬಾರದು.

ಇಷ್ಟು ಹೇಳಿ ನಿಲ್ಲಿಸಿದ್ದರೆ ಅನೇಕ ಓದುಗರಿಗೆ ಸಮಾಧಾನವಾಗುತ್ತಿತ್ತು. ಆದರೆ ಮೇರೆಯನ್ನು ಇನ್ನೊಂದು ದಿಕ್ಕಿನಿಂದಲೂ ಮೀರಬಹುದು. ಅದನ್ನು ನಾವು ಧರ್ಮನಿಷ್ಠೆ ಎಂದೇ ಕರೆಯುತ್ತೇವೆ.

ನಮ್ಮ ಬಡಾವಣೆಯ ಒಂದು ಮನೆಯಲ್ಲಿ ಬಾಯಿ ಕ್ಯಾನ್ಸರಿನ ಹಿರಿಯರೊಬ್ಬರಿದ್ದರು. ವೈದ್ಯರು ಮಾರ್ಫಿನ್ ಮಾತ್ರೆ ಬರೆದಿದ್ದರು. ಅದು ಅಫೀಮಿನ ಅಂಶವೆಂದು ತಿಳಿದ ಹಿರಿಯ ಮಗ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಅಬ್ಬಾ ಕಲಿಮಾ ಹೇಳುತ್ತಾ ಹೋಗಬೇಕು, ಅಮಲಿನಲ್ಲಿ ಅಲ್ಲ ಎಂಬುದು ಅವರ ವಾದ. ಮಗನ ಪ್ರೀತಿಯಲ್ಲಿ ನನಗೆ ಸಂಶಯವಿಲ್ಲ. ಆದರೆ ಆ ನೋವಿನಲ್ಲಿ ಅಬ್ಬಾರಿಗೆ ಸೂರಃ ಫಾತಿಹಾವನ್ನೂ ಕೊನೆಯವರೆಗೆ ಓದಲಾಗುತ್ತಿರಲಿಲ್ಲ. ಭದ್ರಾವತಿಯಿಂದ ಬಂದ ಮಗಳು ಬೀಗದ ಕೈ ಕೇಳಿದರು. ಮಾತ್ರೆ ಶುರುವಾದ ಎರಡು ದಿನ ಅವರು ಹೆಚ್ಚಾಗಿ ಮಲಗಿದ್ದರು. ಮೂರನೆಯ ದಿನ ಸನ್ನೆಯಲ್ಲೇ ಇಶಾ ನಮಾಝ್ ಪೂರೈಸಿದರು.

ಸಬ್ರ್ ಎಂಬುದು ನೋವುಣ್ಣುವವರು ತಮ್ಮ ರಬ್‌ನ ಮುಂದೆ ತೋರುವ ಗುಣ. ಮಂಚದ ಪಕ್ಕದಲ್ಲಿ ಆರೋಗ್ಯವಾಗಿ ಕುಳಿತವರು ಅದನ್ನು ಇನ್ನೊಬ್ಬರ ಮೇಲೆ ಹೇರಿದರೆ ಅದಕ್ಕೆ ಬೇರೆ ಹೆಸರಿದೆ. ಪ್ರವಾದಿವರ್ಯರು(ಸ) ಇಬ್ಬರು ಅನುಭವಿಸುವಷ್ಟು ಜ್ವರವನ್ನು ಅನುಭವಿಸಿದ್ದರು. ಆದರೂ ಚಿಕಿತ್ಸೆ ಮಾಡಿಕೊಳ್ಳಿರೆಂದೇ ಉಮ್ಮತ್ತಿಗೆ ಕಲಿಸಿದರು. ಮಾರ್ಫಿನ್ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಅದು ರೋಗಿಗೆ ಸುಲಭವಾಗಿ ಸಿಗಲೆಂದೇ ನಮ್ಮ ಸಂಸತ್ತು 2014ರಲ್ಲಿ ಕಾಯ್ದೆಯನ್ನು ತಿದ್ದಿತು. ವೈದ್ಯರು ಹೇಳಿದ ಪ್ರಮಾಣದಲ್ಲಿ, ಗಡಿಯಾರ ನೋಡಿ ಕೊಡುವ ಮಾತ್ರೆಯಿಂದ ಕ್ಯಾನ್ಸರಿನ ನೋವುಳ್ಳವರು ವ್ಯಸನಿಗಳಾಗುವುದು ವಿರಳ. ಮಲಬದ್ಧತೆ ಮಾತ್ರ ತಪ್ಪದು, ಅದಕ್ಕೂ ಮದ್ದು ಕೇಳಿ ಪಡೆಯಿರಿ. ಮಂಪರಿನಲ್ಲಿ ನಮಾಝ್ ತಪ್ಪಿದರೆ ಎಚ್ಚರವಾದಾಗ ಪೂರೈಸಲಿ. ಅದರ ವಿವರವನ್ನು ನಿಮ್ಮ ಮೊಹಲ್ಲಾದ ಆಲಿಮರಲ್ಲಿ ಕೇಳಿ, ಹೇಳುತ್ತಾರೆ.

ಮಾತ್ರೆಯ ಲೆಕ್ಕವನ್ನು ಮನೆಯ ಒಬ್ಬರೇ ಇಡಲಿ. ಎಷ್ಟು ಗಂಟೆಗೆ, ಎಷ್ಟು ಎಂದು ಒಂದು ಪುಸ್ತಕದಲ್ಲಿ ಬರೆಯಲಿ. ಕಪಾಟಿಗೆ ಬೀಗವೂ ಇರಲಿ, ಆದರೆ ರೋಗಿಯನ್ನು ತಡೆಯುವುದಕ್ಕಲ್ಲ, ಮನೆಯ ಹುಡುಗರನ್ನು ತಡೆಯುವುದಕ್ಕೆ. ರೋಗಿ ಗುಣವಾದರೂ, ಅಲ್ಲಾಹನ ಕರೆ ಬಂದರೂ, ಅವರ ಅನಿವಾರ್ಯತೆ ಅಲ್ಲಿಗೆ ಮುಗಿಯಿತು, ಅನುಮತಿಯೂ ಮುಗಿಯಿತು. ಉಳಿದ ಮಾತ್ರೆಗಳನ್ನು ಎಣಿಸಿ, ಕೊಟ್ಟ ಆಸ್ಪತ್ರೆಗೇ ಹಿಂದಿರುಗಿಸಿ ಬನ್ನಿ.