ತೆರೆದ ತಂತ್ರಾಂಶ: ದಾನವೋ ಉತ್ಸರ್ಗವೋ

ಗಣಕಯಂತ್ರವನ್ನು ನಡೆಯಿಸುವ ಲಿಖಿತ ವಿಧಿಗಳ ಸಮೂಹಕ್ಕೆ ಕನ್ನಡದಲ್ಲಿ ತಂತ್ರಾಂಶವೆಂಬ ಹೆಸರು ನಿಂತಿದೆ. ಇದರಲ್ಲಿ ಎರಡು ಬಗೆಯುಂಟು. ಕರ್ತೃವು ತಾನು ಬರೆದ ಮೂಲಪಾಠವನ್ನು ಮುಚ್ಚಿಟ್ಟು ಅದರ ಫಲವನ್ನು ಮಾತ್ರ ಕೊಡುವುದು ಒಂದು. ಮೂಲಪಾಠವನ್ನೇ ಎಲ್ಲರ ಮುಂದೆ ತೆರೆದಿಟ್ಟು, ಓದಿರಿ, ತಿದ್ದಿರಿ, ಹಂಚಿರಿ ಎಂದು ಬಿಡುವುದು ಇನ್ನೊಂದು. ಈ ಎರಡನೆಯದರಲ್ಲಿಯೇ ಒಲವಿಟ್ಟ ತರುಣನೊಬ್ಬನು ನಂಜನಗೂಡಿನಲ್ಲಿಯೋ ತಿರುಮಕೂಡಲು ನರಸೀಪುರದಲ್ಲಿಯೋ ಇದ್ದಾನೆಂದು ಭಾವಿಸಬಹುದು. ಅವನ ಯಂತ್ರವನ್ನು ನಡೆಯಿಸುವುದು ಡೆಬಿಯನ್. ಅವನು ಕಾಗದಪತ್ರ ಬರೆಯುವುದು ಲಿಬ್ರೆ ಆಫೀಸಿನಲ್ಲಿ. ಸಂಗೀತ ಕೇಳುವುದು ವಿ.ಎಲ್.ಸಿ.ಯಲ್ಲಿ. ಬಿಡುವಾದಾಗ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸಾರ್ವಜನಿಕ ಭೂಪಟದಲ್ಲಿ ಊರ ಓಣಿಗಳನ್ನೂ ಕಪಿಲೆಯ ಸ್ನಾನಘಟ್ಟಗಳನ್ನೂ ಗುರುತಿಸುವನು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಲೇಖನಗಳನ್ನು ತಿದ್ದುವನು. ಮನೆಯವರು ಇದನ್ನು ಹುಚ್ಚೆನ್ನುವರು. ಪುಕ್ಕಟೆಯ ಆಸೆಯೆನ್ನುವವರೂ ಉಂಟು. ಎರಡು ಮಾತೂ ವಿಷಯವನ್ನು ಮುಟ್ಟುವುದಿಲ್ಲ. ಕೊಟ್ಟ ಮೇಲೂ ಕೊಟ್ಟವನಲ್ಲಿ ಕುಂದದೆ ಉಳಿಯುವ ವಸ್ತುವನ್ನು ಕೊಡುವುದೆಂದರೆ ಏನು, ಅದನ್ನು ಪಡೆದವನು ಯಾರಿಗೆ ಋಣಿ ಎಂಬುದೇ ಇಲ್ಲಿಯ ಪ್ರಶ್ನೆ.

ಧರ್ಮಶಾಸ್ತ್ರಕಾರರು ದಾನಕ್ಕೆ ಹೇಳುವ ಲಕ್ಷಣವು ಪ್ರಸಿದ್ಧವಾದುದು. ವಸ್ತುವಿನಲ್ಲಿ ತನಗಿದ್ದ ಸ್ವತ್ವವನ್ನು ಬಿಟ್ಟು, ಅದರಲ್ಲಿ ಮತ್ತೊಬ್ಬನ ಸ್ವತ್ವವನ್ನು ಹುಟ್ಟಿಸಬೇಕು. ಗೋದಾನ ಮಾಡಿದವನು ಮರುದಿನ ಬೆಳಗ್ಗೆ ಹೋಗಿ ಆ ಹಸುವನ್ನು ಕರೆದುಕೊಳ್ಳಲಾಗದು. ತಂತ್ರಾಂಶಕ್ಕೆ ಈ ಲಕ್ಷಣವು ಹೊಂದುವುದಿಲ್ಲ. ಕೊಟ್ಟವನೂ ಬಳಸುವನು, ಪಡೆದವನೂ ಬಳಸುವನು. ಆದರೆ ಅದೇ ಶಾಸ್ತ್ರವು ಉತ್ಸರ್ಗವೆಂಬ ಇನ್ನೊಂದು ಕರ್ಮವನ್ನು ಹೇಳುತ್ತದೆ. ಕೆರೆ, ಬಾವಿ, ಅರವಟಿಗೆ, ತೋಪು ಇವುಗಳನ್ನು ಮಾಡಿಸಿದವನು ಸಕಲ ಪ್ರಾಣಿಗಳಿಗಾಗಿ ಬಿಟ್ಟುಕೊಡುತ್ತಾನೆ. ಪ್ರತಿಗ್ರಹ ಮಾಡುವವನು ಇಂಥವನೇ ಎಂಬುದಿಲ್ಲ. ಬಿಟ್ಟುಕೊಟ್ಟವನೂ ಎಲ್ಲರಲ್ಲೊಬ್ಬನಾಗಿ ಅದೇ ಕೆರೆಯ ನೀರನ್ನು ಕುಡಿಯಬಹುದು, ಅದರಲ್ಲಿ ದೋಷವಿಲ್ಲ. ತೆರೆದ ತಂತ್ರಾಂಶವು ದಾನಕ್ಕಿಂತ ಉತ್ಸರ್ಗಕ್ಕೆ ಹತ್ತಿರವಾದುದೆಂದು ತೋರುತ್ತದೆ. ಹಾಗೆ ನೋಡಿದರೆ ಹುಚ್ಚೆಂದು ನಗುವ ಮನೆಯವರೂ ಇದೇ ಕೆರೆಯ ನೀರನ್ನು ಕುಡಿಯುತ್ತಿದ್ದಾರೆ. ಆಂಡ್ರಾಯ್ಡ್ ಫೋನುಗಳೆಲ್ಲವೂ 1991ರಲ್ಲಿ ಲಿನಸ್ ಟೊರ್ವಾಲ್ಡ್ಸನು ಆರಂಭಿಸಿದ ಲಿನಕ್ಸನ್ನು ತಳಹದಿಯಾಗಿ ಉಳ್ಳವು.

ಕೆರೆಯನ್ನು ಬಿಟ್ಟುಕೊಟ್ಟರೆ ಸಾಲದು, ಅದನ್ನು ಯಾರೂ ಕಬಳಿಸದಂತೆಯೂ ನೋಡಬೇಕು. ಬಿ. ಎಲ್. ರೈಸರು 1894ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ 3ನೆಯ ಸಂಪುಟದಲ್ಲಿ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳು ಸೇರಿವೆ. ಗಂಗರ ತಲಕಾಡೂ ಈ ಸೀಮೆಯದೇ. ಧರ್ಮಶಾಸನಗಳನ್ನು ಓದಿದವರಿಗೆ ಅವುಗಳ ಕೊನೆಯಲ್ಲಿ ಬರುವ ಶಾಪಾಶಯವು ಪರಿಚಿತವಾಗಿರುವುದು: ಈ ಧರ್ಮವನ್ನು ಅಳಿದವನಿಗೆ ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪ ಬರುವುದೆಂದು ಅದರ ತಾತ್ಪರ್ಯ. ಅಮೆರಿಕದ ರಿಚರ್ಡ್ ಸ್ಟಾಲ್ಮನ್ನನು 1983ರಲ್ಲಿ ಗ್ನೂ ಎಂಬ ಕಾರ್ಯವನ್ನು ಸಾರಿ, 1989ರಲ್ಲಿ ಜಿ.ಪಿ.ಎಲ್. ಎಂಬ ಪರವಾನಗಿಪತ್ರವನ್ನು ಹೊರಡಿಸಿದನಷ್ಟೆ. ಅದು ಇಂತಹ ಶಾಪಾಶಯವೇ ಸರಿ, ಪರಲೋಕದ ಬದಲು ನ್ಯಾಯಸ್ಥಾನವನ್ನು ತೋರಿಸಿ ಹೆದರಿಸುವುದೊಂದೇ ಭೇದ. ಈ ಪಾಠವನ್ನು ತಿದ್ದಿ ಹಂಚುವವನು ತಿದ್ದಿದ ಮೂಲವನ್ನೂ ಇದೇ ನಿಬಂಧನೆಯ ಮೇಲೆ ಪಡೆದವರಿಗೆ ಕೊಡತಕ್ಕದ್ದು ಎಂದು ಅದರ ವಿಧಿ.

ನಿಬಂಧನೆಯುಳ್ಳದ್ದು ತ್ಯಾಗವೇ ಎಂದು ಆಕ್ಷೇಪಿಸುವವರು ಇದ್ದಾರೆ. ಎಂ.ಐ.ಟಿ., ಬಿ.ಎಸ್.ಡಿ. ಎಂಬ ಪರವಾನಗಿಗಳನ್ನು ಹಿಡಿದವರು, ಕರ್ತೃವಿನ ಹೆಸರನ್ನು ಉಳಿಸಿದರೆ ಸಾಕು, ಬೇಕಾದರೆ ಮುಚ್ಚಿಟ್ಟು ಮಾರಿಕೊಳ್ಳಿರಿ ಎನ್ನುತ್ತಾರೆ. ಔದಾರ್ಯದಲ್ಲಿ ಇದೇ ದೊಡ್ಡದಾಗಿ ಕಾಣಬಹುದು. ಆದರೆ ಕೆರೆಯನ್ನು ಸರ್ವರಿಗೂ ಬಿಟ್ಟವನು ಬಲಶಾಲಿಯೊಬ್ಬನು ಅದರ ಸುತ್ತ ಬೇಲಿ ಕಟ್ಟುವುದಕ್ಕೂ ಒಪ್ಪಿದನೆಂದರೆ ಹಿಂದೆ ಬಂದವರಿಗೆ ಕೊಟ್ಟುದನ್ನು ಮುಂದೆ ಬರುವವರಿಂದ ಕಿತ್ತಂತೆ ಆಗದೆ? ಮೂಲಪ್ರತಿಯು ಎಲ್ಲಿಯೂ ಹೋಗುವುದಿಲ್ಲವೆಂಬ ಸಮಾಧಾನವು ನಿಜವೇ. ಬೇಲಿಯೊಳಗೆ ಬೆಳೆದುದು ಮಾತ್ರ ಹೊರಗಿನವರಿಗೆ ಸಿಗುವುದಿಲ್ಲ. ಈ ವಿವಾದದಲ್ಲಿ ಶಾಸನ ಬರೆಯಿಸಿದವರ ಲೋಕಾನುಭವವೇ ಹೆಚ್ಚಿನದು.

ಕನ್ನಡಿಗರಿಗೆ ಇದು ದೂರದ ವಿಚಾರವಲ್ಲ. ಅಕ್ಷರಗಳಿಗೆ ಯಂತ್ರದೊಳಗೆ ಕೊಡುವ ಸಂಖ್ಯೆಗಳು ಮೊದಲು ಒಂದೊಂದು ಕನ್ನಡ ತಂತ್ರಾಂಶದಲ್ಲಿ ಒಂದೊಂದು ತೆರನಾಗಿದ್ದುವು. 1991ರಲ್ಲಿಯೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ಮುದ್ರಣಾಲಯಗಳೂ ಕಚೇರಿಗಳೂ ಬಹಳ ವರ್ಷ ಹಳೆಯ ಸಂಕೇತಗಳಲ್ಲಿಯೇ ಬರೆದವು. ಅಂದಿನ ಅಕ್ಷರಮಾದರಿಯಿಲ್ಲದ ಯಂತ್ರದಲ್ಲಿ ಆ ಕಡತಗಳನ್ನು ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಸಾಲುಗಟ್ಟಿ ನಿಲ್ಲುವುವು. ತಂದೆ ಬರೆದಿಟ್ಟ ವಂಶಾವಳಿಯನ್ನು ಮಗನು ಓದಲಾರನು. ಗೆದ್ದಲು ತಿಂದ ಓಲೆಗಿಂತ ಇದು ಹೆಚ್ಚು ದುಃಖಕರವಾದುದು, ಏಕೆಂದರೆ ಅಕ್ಷರವು ನಾಶವಾಗಿಲ್ಲ. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯನ್ನು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಒಪ್ಪಿಸಿದುದರಿಂದಲೇ ಆರ್. ಶಾಮಶಾಸ್ತ್ರಿಗಳು ಅದನ್ನು 1909ರಲ್ಲಿ ಅಚ್ಚುಮಾಡಿಸಲು ಸಾಧ್ಯವಾಯಿತು. ಆ ಓಲೆಯನ್ನು ಓದಲು ಗ್ರಂಥಲಿಪಿಯ ಜ್ಞಾನ ಸಾಕಾಗಿತ್ತು, ಯಾರ ಅಪ್ಪಣೆಯೂ ಬೇಕಿರಲಿಲ್ಲ. ಹಳೆಯ ಸಂಕೇತದಿಂದ ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳನ್ನು ಕನ್ನಡಿಗರೇ ಬರೆದು ಎಲ್ಲರಿಗೂ ಬಿಟ್ಟಿದ್ದಾರೆ. ಎಷ್ಟೋ ಬರೆಹ ಹೀಗೆ ಬದುಕಿತು.

ತೆರೆದುದೆಲ್ಲವೂ ನಿರ್ದೋಷವೆಂದು ಭಾವಿಸುವುದೂ ತಪ್ಪು. ನಂಜನಗೂಡಿನ ರಸಬಾಳೆಯ ಕಂದು ಕೈಯಿಂದ ಕೈಗೆ ಹೋಗಿ ತೋಟಗಳಾದುವು. ಕಂದನ್ನು ಕೊಟ್ಟ ತಾಯಿಬುಡಕ್ಕೆ ನಷ್ಟವಿರಲಿಲ್ಲ. ಅದೇ ಕಂದಿನೊಡನೆ ಪನಾಮಾ ಸೊರಗುರೋಗವೂ ತೋಟದಿಂದ ತೋಟಕ್ಕೆ ಹೋಗಬಲ್ಲುದು, ಹೋಯಿತು ಕೂಡ. ಓಪನ್ ಎಸ್.ಎಸ್.ಎಲ್. ಎಂಬ ತೆರೆದ ತಂತ್ರಾಂಶದಲ್ಲಿ 2012ರಲ್ಲಿ ಸೇರಿದ ದೋಷವೊಂದು 2014ರವರೆಗೆ ಬಯಲಾಗದೆ, ಲೋಕದ ಅಸಂಖ್ಯಾತ ಯಂತ್ರಗಳಲ್ಲಿ ಕುಳಿತಿತ್ತು. ಎಲ್ಲರೂ ಓದಬಹುದಾದುದನ್ನು ಯಾರೂ ಓದಿರಲಿಲ್ಲ. 2024ರ ಪ್ರಕರಣವು ಇನ್ನೂ ಕಠಿನವಾದುದು. ಎಕ್ಸ್.ಝಡ್. ಎಂಬ ಚಿಕ್ಕ ಸಾಧನವನ್ನು ಬಹುಮಟ್ಟಿಗೆ ಒಬ್ಬನೇ ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದನು. ಬಳಲಿದ ಅವನಿಗೆ ಸಹಾಯಕನಾಗಿ ಬಂದವನು ಎರಡು ವರ್ಷಕ್ಕೂ ಮೇಲ್ಪಟ್ಟು ವಿಶ್ವಾಸ ಗಳಿಸಿ, ಕೊನೆಗೆ ಕಳ್ಳಬಾಗಿಲೊಂದನ್ನು ಒಳಗಿಟ್ಟನು. ಪ್ರವೇಶಕ್ಕೆ ಅರ್ಧ ಸೆಕೆಂಡು ತಡವಾಗುತ್ತಿರುವುದನ್ನು ಕಂಡು ಸಂಶಯಪಟ್ಟ ಆಂಡ್ರೆಸ್ ಫ್ರಾಯಿಂಡ್ ಎಂಬುವನು ಮೂಲವನ್ನು ಶೋಧಿಸಿದುದರಿಂದ ಅದು ಬಯಲಾಯಿತು. ಊರೆಲ್ಲ ಕುಡಿಯುವ ಕೆರೆಗೆ ಒಬ್ಬನೇ ನೀರುಗಂಟಿ. ಅವನಿಗೆ ಕೂಲಿಯಿಲ್ಲ, ಹೂಳೆತ್ತಲು ಆಳಿಲ್ಲ.

ಇಲ್ಲಿಯೇ ಆ ತರುಣನ ನಡತೆಯನ್ನು ಅಳೆಯಬೇಕು. ಮಗಳ ಕಾಲೇಜಿನ ಅರ್ಜಿಯು ಮುಚ್ಚಿದ ತಂತ್ರಾಂಶದಲ್ಲಿ ಮಾತ್ರ ತೆರೆಯುವುದೆಂದು ಅದನ್ನು ತುಂಬಲು ಬಿಡದವನು, ತನ್ನ ಏಕಾದಶಿಗೆ ಮನೆಮಂದಿಯನ್ನೆಲ್ಲ ಉಪವಾಸ ಕೆಡವಿದವನಂತೆ. ವ್ರತವು ತನ್ನ ಮೇಲೆ ತಾನು ಹೇರಿಕೊಳ್ಳತಕ್ಕುದು. ಇನ್ನು ಯಾವುದನ್ನು ಬಳಸಬಾರದೆಂದು ಪಟ್ಟಿ ಹಾಕಿದ ಮಾತ್ರಕ್ಕೆ ಅವನ ಋಣವು ತೀರುವುದೂ ಇಲ್ಲ. ಋಷಿಋಣವನ್ನು ಋಷಿಗಳಿಗೆ ಹಿಂದಿರುಗಿಸುವ ದಾರಿಯಿಲ್ಲ. ಓದಿ ಮುಂದಿನವರಿಗೆ ಓದಿಸಿಯೇ ಅದನ್ನು ತೀರಿಸುವುದು. ಈ ಋಣದ ಬಗೆಯೂ ಅದೇ. ಪ್ರತಿಯೊಬ್ಬನೂ ತಂತ್ರಾಂಶ ಬರೆಯಬೇಕೆಂದಿಲ್ಲ. ಗುಬ್ಬಿ, ನವಿಲು ಎಂಬ ತೆರೆದ ಕನ್ನಡ ಅಕ್ಷರಮಾದರಿಗಳಿವೆ. ಲಿಬ್ರೆ ಆಫೀಸಿನ ಆಜ್ಞೆಗಳಿಗೆ ಕನ್ನಡ ಅನುವಾದವಿದೆ. ಒತ್ತಕ್ಷರವು ತಾಳೆತಪ್ಪಿ ಕೂತಿದ್ದರೆ, ಆಜ್ಞೆಯ ಅನುವಾದವು ಮನೆಮಾತಿಗೆ ಒಗ್ಗದಿದ್ದರೆ, ಇಂಥ ಪದದಲ್ಲಿ ಇಂಥ ದೋಷವೆಂದು ಕರ್ತೃಗಳಿಗೆ ಬರೆದು ತಿಳಿಸಬಹುದು. ಅದಕ್ಕೆ ಬೇಕಾದುದು ಒಳ್ಳೆಯ ಕನ್ನಡ ಮತ್ತು ಅರ್ಧ ಗಂಟೆಯ ತಾಳ್ಮೆ. ನಿವೃತ್ತ ಪಂಡಿತರೂ ಮನೆಯ ಹೆಣ್ಣುಮಕ್ಕಳೂ ಮಾಡಬಲ್ಲ ಕೆಲಸವಿದು, ಆ ತರುಣನು ಮೊದಲು ದಾರಿ ತೋರಿಸಿದರೆ.